ರಕ್ತದಲ್ಲಿ ಬಂದದ್ದೆಲ್ಲ ಹಣೆಬರಹ ಅಲ್ಲ

2013ರ ಮೇ 14. ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರು ಹಾಲಿವುಡ್ ನಟಿ ಏಂಜಲಿನಾ ಜೋಲಿ. ಆಗ ಆಕೆಗೆ 37 ವರ್ಷ, ಆರು ಮಕ್ಕಳ ತಾಯಿ. ಆಕೆಗೆ ಕ್ಯಾನ್ಸರ್ ಇರಲಿಲ್ಲ. ಆದರೂ ಎರಡೂ ಸ್ತನಗಳಿಗೆ ಆಪರೇಷನ್ ಮಾಡಿಸಿಕೊಂಡಿದ್ದೇನೆ, ಒಳಗಿನ ಅಂಗಾಂಶ ತೆಗೆಸಿಹಾಕಿದ್ದೇನೆ ಎಂದು ಆಕೆ ಬರೆದಿದ್ದರು.

ಇಲ್ಲದ ಕಾಯಿಲೆಗೆ ಆಪರೇಷನ್ನಾ? ಯಾರಾದರೂ ಹೀಗೆ ಮಾಡಿಸಿಕೊಳ್ತಾರಾ? ಜಗತ್ತು ಕೇಳಿದ್ದು ಇದೇ ಪ್ರಶ್ನೆ.

ಉತ್ತರ ಆಕೆಯ ಮನೆಯಲ್ಲೇ ಇತ್ತು. ಆಕೆಯ ತಾಯಿ ಮಾರ್ಶಲೀನ್ ಬರ್ಟ್ರಾಂಡ್ ಸುಮಾರು ಹತ್ತು ವರ್ಷ ಕ್ಯಾನ್ಸರ್ ಜತೆ ಹೋರಾಡಿ 2007ರಲ್ಲಿ ತೀರಿಕೊಂಡಿದ್ದರು. ಆಗ ಅವರ ವಯಸ್ಸು ಬರೀ 56. ಮಗಳು ತನ್ನ ರಕ್ತ ಪರೀಕ್ಷೆ ಮಾಡಿಸಿದಾಗ ಬಿಆರ್‌ಸಿಎ1 ಅನ್ನೋ ಜೀನ್‌ನಲ್ಲಿ ಒಂದು ದೋಷ ಇರುವುದು ಗೊತ್ತಾಯಿತು. ಹುಟ್ಟಿನಿಂದಲೇ ಬಂದ ದೋಷ. ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 87, ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 50 ಎಂದು ಡಾಕ್ಟರುಗಳು ಅಂದಾಜು ಕೊಟ್ಟರು. ಆಕೆ ನಿರ್ಧಾರ ಮಾಡಿದರು.

ಆ ಲೇಖನ ಬಂದು ಎರಡು ವಾರ ಕೂಡ ಆಗಿರಲಿಲ್ಲ. ಆಕೆಯ ಚಿಕ್ಕಮ್ಮ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು.

ಈ ಸುದ್ದಿ ತಲುಪದ ದೇಶ ಇಲ್ಲ. ಅಮೆರಿಕದಲ್ಲಿ 2,500ಕ್ಕೂ ಹೆಚ್ಚು ಜನರನ್ನು ಕೇಳಿ ಒಂದು ಸಮೀಕ್ಷೆ ಮಾಡಿದರು. ನಾಲ್ಕರಲ್ಲಿ ಮೂರು ಜನಕ್ಕೆ ಜೋಲಿ ಕಥೆ ಗೊತ್ತಿತ್ತು. ಆದರೆ ಆ ದೋಷ ಇರುವವರ ಅಪಾಯ ಎಷ್ಟು, ಇಲ್ಲದವರದ್ದು ಎಷ್ಟು ಅಂತ ಸರಿಯಾಗಿ ಅರ್ಥ ಮಾಡಿಕೊಂಡವರು ಶೇ. 10 ಕೂಡ ಇರಲಿಲ್ಲ. ಸುದ್ದಿ ತಲುಪಿತು, ಅರ್ಥ ತಲುಪಲಿಲ್ಲ.

ಹಾಗಾಗಿ ಇವತ್ತು ಅರ್ಥದ ಬಗ್ಗೆ ಮಾತಾಡೋಣ. ಯಾಕೆಂದರೆ ಇದು ಹಾಲಿವುಡ್ ವಿಷಯ ಅಲ್ಲ. ನಿಮ್ಮ ಮನೆಯಲ್ಲಿ ಅಜ್ಜಿ ಹೋದದ್ದು ಹೇಗೆ, ಅತ್ತೆ ಹೋದದ್ದು ಹೇಗೆ, ದೊಡ್ಡಪ್ಪನಿಗೆ ಆಗಿದ್ದೇನು ಅನ್ನೋ ಪ್ರಶ್ನೆ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಕ್ಯಾನ್ಸರ್ ಅನ್ನೋದು ಯಾವಾಗಲೂ ಜೀನ್‌ಗಳು ಕೆಟ್ಟು ಬರುವ ಕಾಯಿಲೆಯೇ. ಹಾಗಂತ ಎಲ್ಲ ಕ್ಯಾನ್ಸರ್ ವಂಶದಿಂದ ಬರುತ್ತಾ? ಇಲ್ಲ. ತಂಬಾಕು ಜಗಿದು ಜಗಿದು ಬಾಯಿಯ ಜೀವಕೋಶದಲ್ಲಿ ಜೀನ್ ಕೆಟ್ಟರೆ ಅದು ಆ ಮನುಷ್ಯ ಬದುಕಿರುವಾಗ, ಆ ಜಾಗದಲ್ಲಿ ಆದ ಹಾನಿ. ಅದು ಮಕ್ಕಳಿಗೆ ಹೋಗೋದಿಲ್ಲ. ಬಹುಪಾಲು ಕ್ಯಾನ್ಸರ್ ಇಂಥದ್ದೇ. ವಯಸ್ಸು, ಹೊಗೆ, ತಂಬಾಕು, ಮದ್ಯ, ಬೊಜ್ಜು, ಕೆಲವು ವೈರಸ್‌ಗಳು, ಜತೆಗೆ ಬರೀ ದುರದೃಷ್ಟ.

ಇನ್ನೊಂದು ಬಗೆ ಇದೆ. ಅಮ್ಮನ ಅಂಡದಲ್ಲೋ ಅಪ್ಪನ ವೀರ್ಯದಲ್ಲೋ ಇದ್ದ ದೋಷ ಮಗುವಿಗೆ ಬರುತ್ತದೆ. ಆಗ ಮಗುವಿನ ಮೈಯ ಪ್ರತಿಯೊಂದು ಜೀವಕೋಶದಲ್ಲೂ ಆ ದೋಷ ಇರುತ್ತದೆ. ಹೀಗೆ ಬಳುವಳಿಯಾಗಿ ಬಂದ ದೋಷದಿಂದ ಆಗುವ ಕ್ಯಾನ್ಸರ್‌ಗಳು ಒಟ್ಟು ಕ್ಯಾನ್ಸರ್‌ಗಳಲ್ಲಿ ಶೇ. 5ರಿಂದ 10 ಮಾತ್ರ. ನೂರರಲ್ಲಿ ಐದು, ಹತ್ತು. ಕಡಿಮೆ ಅನ್ನಿಸುತ್ತೆ ಅಲ್ವಾ? ಆದರೆ ಆ ಐದೋ ಹತ್ತೋ ಜನರ ಮನೆಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಒಬ್ಬರಾದ ಮೇಲೆ ಒಬ್ಬರು.

ಈಗ ಆ ದೋಷ ಅಂದರೆ ಏನು ನೋಡೋಣ. ನಮ್ಮ ಜೀವಕೋಶದ ಒಳಗೆ ಡಿಎನ್‌ಎ ಇದೆ. ಅಪ್ಪನಿಂದ ಒಂದು ಸೆಟ್, ಅಮ್ಮನಿಂದ ಒಂದು ಸೆಟ್. ಒಂದೊಂದು ಸೆಟ್‌ನಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಜೀವಕೋಶ ಜೀನ್‌ಗಳನ್ನು ಓದುವಾಗ ಈ ಅಕ್ಷರಗಳನ್ನು ಮೂರು ಮೂರಾಗಿ ಓದುತ್ತದೆ.

ಕನ್ನಡದಲ್ಲೇ ಒಂದು ಉದಾಹರಣೆ ಹೇಳ್ತೀನಿ. 'ಕಮಲ ಬೇಗನೆ ಮನೆಗೆ ಬರಲಿ.' ಎಣಿಸಿ ನೋಡಿ, ಎಲ್ಲವೂ ಮೂರಕ್ಷರದ ಪದಗಳು. ಈಗ ಬರೆಯುವವನ ಕೈತಪ್ಪಿ 'ಬೇಗ' ಅನ್ನೋ ಎರಡು ಅಕ್ಷರ ಬಿಟ್ಟುಹೋಯಿತು ಅಂದುಕೊಳ್ಳಿ. ಓದುವವನು ಮಾತ್ರ ಮೂರು ಮೂರಾಗಿಯೇ ಓದ್ತಾನೆ. ಏನಾಗುತ್ತೆ? 'ಕಮಲ ನೆಮನೆ ಗೆಬರ ಲಿ.' ಬಿಟ್ಟುಹೋದದ್ದು ಎರಡೇ ಅಕ್ಷರ. ಕೆಟ್ಟುಹೋದದ್ದು ಅಲ್ಲಿಂದ ಮುಂದಿನ ಇಡೀ ವಾಕ್ಯ.

ಬಿಆರ್‌ಸಿಎ1 ಜೀನ್‌ನಲ್ಲಿ ನಿಜಕ್ಕೂ ಇಂಥ ಒಂದು ತಪ್ಪು ಇದೆ. ಎ ಮತ್ತು ಜಿ ಅನ್ನೋ ಎರಡು ಅಕ್ಷರ ಬಿಟ್ಟುಹೋಗಿರುವ ತಪ್ಪು. ಪೂರ್ವ ಯುರೋಪ್ ಮೂಲದ ಯಹೂದಿಗಳಲ್ಲಿ ಇದು ಹೆಸರುವಾಸಿ. ಅವರಲ್ಲಿ ಈ ತಪ್ಪನ್ನೋ, ಇದರ ಜತೆಗಾರರಾದ ಇನ್ನೆರಡು ತಪ್ಪುಗಳಲ್ಲಿ ಒಂದನ್ನೋ 40ರಲ್ಲಿ ಒಬ್ಬರು ಹೊತ್ತು ಹುಟ್ಟುತ್ತಾರೆ. ಅದೇ ಎರಡಕ್ಷರದ ತಪ್ಪು ದಕ್ಷಿಣ ಭಾರತದ ಕೆಲವು ಕುಟುಂಬಗಳಲ್ಲೂ ಸಿಕ್ಕಿದೆ.

ಸರಿ, ಈ ಜೀನ್ ಕೆಟ್ಟರೆ ಕ್ಯಾನ್ಸರ್ ಯಾಕೆ ಬರಬೇಕು? ಜೀವಕೋಶವನ್ನು ಒಂದು ಊರು ಅಂದುಕೊಳ್ಳಿ. ಡಿಎನ್‌ಎ ಅಂದರೆ ಊರಿನ ಕರೆಂಟ್ ವೈರು. ಮಳೆಗಾಳಿಗೆ ವೈರು ತುಂಡಾಗುವ ಹಾಗೆ ಡಿಎನ್‌ಎ ಕೂಡ ದಿನಾ ಅಲ್ಲಲ್ಲಿ ತುಂಡಾಗುತ್ತದೆ. ಜೋಡಿಸೋಕೆ ಲೈನ್‌ಮನ್ ಬೇಕು. ಬಿಆರ್‌ಸಿಎ1, ಬಿಆರ್‌ಸಿಎ2 ಅನ್ನೋ ಜೀನ್‌ಗಳು ಆ ಲೈನ್‌ಮನ್‌ಗಳು. ಅದರಲ್ಲೂ ಎರಡೂ ಎಳೆ ಒಟ್ಟಿಗೆ ತುಂಡಾದಾಗ ಸರಿಯಾಗಿ ಜೋಡಿಸುವ ಕೆಲಸ ಇವರದ್ದು.

ಪ್ರತಿ ಹುದ್ದೆಗೂ ಇಬ್ಬರು ಲೈನ್‌ಮನ್. ಒಬ್ಬರನ್ನು ಅಪ್ಪ ಕಳಿಸಿದ್ದು, ಇನ್ನೊಬ್ಬರನ್ನು ಅಮ್ಮ ಕಳಿಸಿದ್ದು. ಒಬ್ಬನಿದ್ದರೂ ಊರಿನ ಕೆಲಸ ನಡೆಯುತ್ತದೆ. ವಂಶದಿಂದ ದೋಷ ಬಂದವರಿಗೆ ಹುಟ್ಟಿನಿಂದಲೇ ಒಬ್ಬ ಲೈನ್‌ಮನ್ ಮಾತ್ರ. ಹೊರಗೆ ಏನೂ ಗೊತ್ತಾಗಲ್ಲ. ಮಗು ಆರೋಗ್ಯವಾಗಿ ಬೆಳೆಯುತ್ತದೆ, ಶಾಲೆಗೆ ಹೋಗುತ್ತದೆ, ಮದುವೆಯಾಗುತ್ತದೆ. ಆದರೆ ಮೈಯಲ್ಲಿರುವ ಕೋಟಿ ಕೋಟಿ ಊರುಗಳಲ್ಲಿ ಯಾವುದೋ ಒಂದರಲ್ಲಿ ಉಳಿದಿದ್ದ ಆ ಒಬ್ಬನೂ ಕೆಲಸಕ್ಕೆ ಬಾರದೇ ಹೋದ ಅಂದರೆ? ತುಂಡಾದ ವೈರು ಹಾಗೇ ನೇತಾಡುತ್ತದೆ. ತಪ್ಪಿನ ಮೇಲೆ ತಪ್ಪು ಸೇರುತ್ತದೆ. ಒಂದು ದಿನ ಕಿಡಿ ಹೊತ್ತಿಕೊಳ್ಳುತ್ತದೆ.

ಇಬ್ಬರೂ ಲೈನ್‌ಮನ್ ಇದ್ದವರಿಗೆ ಒಂದೇ ಜೀವಕೋಶದಲ್ಲಿ ಎರಡು ಏಟು ಬೀಳಬೇಕು. ಅದು ಅಪರೂಪ, ಆಗುವುದಾದರೂ ವರ್ಷಗಳು ಬೇಕು. ಒಬ್ಬನೇ ಇದ್ದವರಿಗೆ ಒಂದೇ ಏಟು ಸಾಕು. ಅದಕ್ಕೇ ವಂಶದಿಂದ ಬರುವ ಕ್ಯಾನ್ಸರ್ ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲಿ ಬರುತ್ತದೆ. ಕೆಲವೊಮ್ಮೆ ಎರಡೂ ಸ್ತನಗಳಲ್ಲಿ ಬರುತ್ತದೆ.

ಇದು ಬರೀ ಊಹೆ ಅಲ್ಲ. 1971ರಲ್ಲಿ ಆಲ್‌ಫ್ರೆಡ್ ನಡ್ಸನ್ ಅನ್ನೋ ಅಮೆರಿಕದ ವೈದ್ಯ, ಮಕ್ಕಳ ಕಣ್ಣಿನ ಕ್ಯಾನ್ಸರ್ ಆದ ರೆಟಿನೋಬ್ಲಾಸ್ಟೋಮಾದ 48 ಕೇಸುಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ವಂಶದಿಂದ ಬಂದ ಮಕ್ಕಳಲ್ಲಿ ಬೇಗ ಬರುತ್ತಿತ್ತು, ಎಷ್ಟೋ ಸಲ ಎರಡೂ ಕಣ್ಣಿಗೆ. ಉಳಿದ ಮಕ್ಕಳಲ್ಲಿ ತಡವಾಗಿ, ಒಂದೇ ಕಣ್ಣಿಗೆ. ಎರಡು ಏಟಿನ ಸಿದ್ಧಾಂತ ಹುಟ್ಟಿದ್ದು ಹೀಗೆ. ಆ ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ. ನೆನಪಿಡಿ, ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಪುಟ್ಟ ಮಗುವಿನ ಕಣ್ಣಪಾಪೆ ಕೆಂಪಾಗಿ ಕಾಣದೆ ಬಿಳಿಯಾಗಿ ಹೊಳೆಯುತ್ತಿದ್ದರೆ ಅದನ್ನು ತಮಾಷೆ ಮಾಡಿ ಬಿಡಬೇಡಿ. ತಡಮಾಡದೆ ಕಣ್ಣಿನ ಡಾಕ್ಟರ್‌ಗೆ ತೋರಿಸಿ.

ಈಗ ಬಹಳ ಜನ ಎಡವುವ ಜಾಗಕ್ಕೆ ಬರೋಣ. ಶೇ. 87 ಅಂದರೆ ಏನು?

ಜೋಲಿಗೆ ಕೊಟ್ಟದ್ದು ಆ ಕಾಲದ ಅಂದಾಜು. ಮೊದಮೊದಲು ಸಂಶೋಧನೆ ನಡೆದದ್ದು ಕ್ಯಾನ್ಸರ್ ತುಂಬಿ ತುಳುಕುತ್ತಿದ್ದ ಕುಟುಂಬಗಳಲ್ಲಿ. ಹಾಗಾಗಿ ಅಂಕಿಯೂ ಎತ್ತರದಲ್ಲೇ ಇತ್ತು. 2017ರಲ್ಲಿ ದೋಷ ಇರುವ ಸುಮಾರು 10 ಸಾವಿರ ಮಹಿಳೆಯರ ಮೇಲಿನ ದೊಡ್ಡ ಅಧ್ಯಯನ ಹೊರಬಂತು. ಅದರ ಪ್ರಕಾರ 80 ವರ್ಷ ತುಂಬುವುದರೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಬಿಆರ್‌ಸಿಎ1 ದೋಷ ಇದ್ದವರಿಗೆ ಶೇ. 72, ಬಿಆರ್‌ಸಿಎ2 ದೋಷ ಇದ್ದವರಿಗೆ ಶೇ. 69. ಅಂಡಾಶಯದ ಕ್ಯಾನ್ಸರ್‌ಗೆ ಕ್ರಮವಾಗಿ ಶೇ. 44 ಮತ್ತು ಶೇ. 17.

ಹೋಲಿಕೆಗೆ ನೋಡಿ. ನಮ್ಮ ದೇಶದ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 2020ರ ವರದಿ ಪ್ರಕಾರ, 74 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಇರುವುದು 29 ಮಹಿಳೆಯರಲ್ಲಿ ಒಬ್ಬರಿಗೆ. ಅಂದರೆ ನೂರಕ್ಕೆ ಮೂರೂವರೆ. ಮೂರೂವರೆ ಎಲ್ಲಿ, ಎಪ್ಪತ್ತೆರಡು ಎಲ್ಲಿ! ವ್ಯತ್ಯಾಸ ದೊಡ್ಡದು, ಅದನ್ನು ಹಗುರ ಮಾಡೋದು ಬೇಡ.

ಆದರೆ ಇನ್ನೊಂದು ಕಡೆಯಿಂದಲೂ ಲೆಕ್ಕ ಮಾಡಿ. ನೂರರಲ್ಲಿ 72 ಅಂದರೆ, ಅದೇ ದೋಷ ಇರುವ 28 ಮಹಿಳೆಯರಿಗೆ 80ರವರೆಗೂ ಸ್ತನ ಕ್ಯಾನ್ಸರ್ ಬಂದಿಲ್ಲ. ಅಮ್ಮ ಕೊಟ್ಟದ್ದು ಕ್ಯಾನ್ಸರ್ ಅಲ್ಲ. ಅಮ್ಮ ಕೊಟ್ಟದ್ದು ಹೆಚ್ಚಿನ ಅಪಾಯ. ಈ ಎರಡರ ನಡುವೆ ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ಅವಕಾಶ ಇದೆ. ಹಣೆಬರಹ ಅಂದುಕೊಂಡು ಕೂತವರಿಗೆ ಆ ವರ್ಷಗಳು ವ್ಯರ್ಥ. ಗೊತ್ತುಮಾಡಿಕೊಂಡವರಿಗೆ ಅದೇ ಜೀವದಾನ.

ಗೊತ್ತುಮಾಡಿಕೊಳ್ಳೋಕೆ ದೊಡ್ಡ ಲ್ಯಾಬೇ ಬೇಕು ಅಂತಲೂ ಇಲ್ಲ. 1866ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ತನ್ನ ಹೆಂಡತಿಯ ಮನೆತನದ ನಾಲ್ಕು ತಲೆಮಾರಿನ ಪಟ್ಟಿ ಬರೆದು, ಸ್ತನ ಕ್ಯಾನ್ಸರ್ ಹೇಗೆ ಒಂದೇ ಕುಟುಂಬದಲ್ಲಿ ಮತ್ತೆ ಮತ್ತೆ ಬರುತ್ತದೆ ಅಂತ ತೋರಿಸಿದ್ದ. ಆಗ ಜೀನ್ ಅನ್ನೋ ಪದವೇ ಇರಲಿಲ್ಲ.

ಇನ್ನೊಂದು ಕಥೆ 1895ರದ್ದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯ ಆಲ್‌ಡ್ರೆಡ್ ವಾರ್ತಿನ್ ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳನ್ನು ಮಾತಾಡಿಸಿದರು. ಆಕೆ ಮಂಕಾಗಿದ್ದಳು. ಯಾಕಮ್ಮಾ ಅಂದರೆ, ನಾನು ಬೇಗ ಸಾಯ್ತೀನಿ, ನಮ್ಮ ಮನೆಯವರೆಲ್ಲ ಹೊಟ್ಟೆ, ಕರುಳು, ಗರ್ಭಕೋಶದ ಕ್ಯಾನ್ಸರ್‌ನಿಂದಲೇ ಹೋಗೋದು ಅಂದಳು. ವಾರ್ತಿನ್ ಅದನ್ನು ಹೆಂಗಸಿನ ಭ್ರಮೆ ಅಂತ ತಳ್ಳಿಹಾಕಲಿಲ್ಲ. ಆಕೆಯ ಸಹಾಯದಿಂದಲೇ ಇಡೀ ಕುಟುಂಬದ ವಂಶವೃಕ್ಷ ಬರೆದರು. 1913ರಲ್ಲಿ ಪ್ರಕಟಿಸಿದರು. ಆಕೆ ಹೇಳಿದ ಹಾಗೇ ಚಿಕ್ಕ ವಯಸ್ಸಿನಲ್ಲೇ, ಗರ್ಭಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಳು. ವೈದ್ಯಶಾಸ್ತ್ರದಲ್ಲಿ ಆ ಮನೆತನಕ್ಕೆ 'ಫ್ಯಾಮಿಲಿ ಜಿ' ಅಂತ ಹೆಸರು.

ಅರ್ಧ ಶತಮಾನ ಕಳೆದ ಮೇಲೆ ಹೆನ್ರಿ ಲಿಂಚ್ ಅನ್ನೋ ವೈದ್ಯ ಈ ಕಡತ ಮತ್ತೆ ತೆರೆದರು. ಕ್ಯಾನ್ಸರ್ ವಂಶದಿಂದ ಬರುತ್ತೆ ಅಂದರೆ ಆ ಕಾಲದಲ್ಲಿ ಡಾಕ್ಟರುಗಳೇ ನಂಬುತ್ತಿರಲಿಲ್ಲ. ಲಿಂಚ್ ಬಿಡಲಿಲ್ಲ. ಇವತ್ತು ಅದಕ್ಕೆ ಲಿಂಚ್ ಸಿಂಡ್ರೋಮ್ ಅಂತಲೇ ಹೆಸರು. ಇಲ್ಲಿ ಕೆಡುವುದು ಬಿಆರ್‌ಸಿಎ ಅಲ್ಲ, ಬೇರೆ ನಾಲ್ಕೈದು ಜೀನ್‌ಗಳು. ಜೀವಕೋಶ ಎರಡಾಗುವಾಗ ಡಿಎನ್‌ಎ ನಕಲಾಗಬೇಕಲ್ಲ, ಆ ನಕಲಿನಲ್ಲಿ ಬಂದ ತಪ್ಪುಗಳನ್ನು ತಿದ್ದುವ ಪ್ರೂಫ್ ರೀಡರ್‌ಗಳು ಇವು. ಇವು ಕೆಟ್ಟರೆ ದೊಡ್ಡ ಕರುಳು ಮತ್ತು ಗರ್ಭಕೋಶದ ಕ್ಯಾನ್ಸರ್ ಅಪಾಯ ಏರುತ್ತದೆ. ಫ್ಯಾಮಿಲಿ ಜಿ ಮನೆತನದ ದೋಷ ಯಾವ ಜೀನ್‌ನಲ್ಲಿದೆ ಅಂತ ಪತ್ತೆಯಾದದ್ದು 2000ದಲ್ಲಿ. ಆ ಹೆಣ್ಣುಮಗಳು ಬಾಯಿಬಿಟ್ಟು ಹೇಳಿದ 105 ವರ್ಷಗಳ ನಂತರ. ವಿಜ್ಞಾನಕ್ಕೆ ಒಂದು ಶತಮಾನ ಹಿಡಿಯಿತು, ಆಕೆಗೆ ತನ್ನ ಮನೆಯ ವಿಷಯ ಮೊದಲೇ ಗೊತ್ತಿತ್ತು.

ಇನ್ನು ಬಿಆರ್‌ಸಿಎ ಕಥೆ. ಮೇರಿ ಕ್ಲೇರ್ ಕಿಂಗ್ ಅನ್ನೋ ವಿಜ್ಞಾನಿ 1974ರಲ್ಲಿ ಹುಡುಕಾಟ ಶುರು ಮಾಡಿದರು. ಸ್ತನ ಕ್ಯಾನ್ಸರ್‌ಗೆ ಒಂದೇ ಜೀನ್ ಕಾರಣ ಆಗೋಕೆ ಸಾಧ್ಯವೇ ಇಲ್ಲ ಅಂತ ಜತೆಗಾರರು ತಲೆಯಾಡಿಸುತ್ತಿದ್ದ ಕಾಲ. ಆಕೆ 23 ದೊಡ್ಡ ಕುಟುಂಬಗಳನ್ನು, ಆ ಕುಟುಂಬಗಳ 146 ಸ್ತನ ಕ್ಯಾನ್ಸರ್ ಪ್ರಕರಣಗಳನ್ನು ಜಾಲಾಡಿದರು. ಚಿಕ್ಕ ವಯಸ್ಸಿನಲ್ಲೇ ಕ್ಯಾನ್ಸರ್ ಬಂದ ಕುಟುಂಬಗಳನ್ನು ಬೇರೆಯಾಗಿ ಇಟ್ಟು ನೋಡಿದಾಗ ಗುಟ್ಟು ಬಯಲಾಯಿತು. 1990ರಲ್ಲಿ ಪ್ರಕಟಿಸಿದರು, ಜೀನ್ ಇರುವುದು 17ನೇ ಕ್ರೋಮೋಸೋಮ್ ಮೇಲೆ ಅಂತ. ಹದಿನಾರು ವರ್ಷದ ತಪಸ್ಸು ಅದು.

1994ರಲ್ಲಿ ಅಮೆರಿಕದ ಯೂಟಾದ ತಂಡ ಆ ಜೀನನ್ನು ಕೈಗೆ ತೆಗೆದುಕೊಂಡಿತು. ಅದರ ಕಂಪನಿ ಮಿರಿಯಡ್ ಜೆನೆಟಿಕ್ಸ್ ಪೇಟೆಂಟ್ ಮಾಡಿಸಿಕೊಂಡಿತು. ಅಂದರೆ ನಿಮ್ಮ ಮೈಯಲ್ಲಿರುವ ಜೀನ್ ಪರೀಕ್ಷೆ ಮಾಡಬೇಕಾದರೆ ಅವರದ್ದೇ ಲ್ಯಾಬ್, ಅವರು ಹೇಳಿದ್ದೇ ರೇಟ್. ಅಮೆರಿಕದಲ್ಲಿ ಪರೀಕ್ಷೆಗೆ 3,000 ಡಾಲರ್‌ಗೂ ಹೆಚ್ಚು, ಇದು ಎಷ್ಟೋ ಹೆಣ್ಣುಮಕ್ಕಳ ಕೈಗೆ ಎಟಕುವುದಿಲ್ಲ ಎಂದು ಜೋಲಿ ಕೂಡ ಲೇಖನದಲ್ಲಿ ಬರೆದಿದ್ದರು. ಆ ಲೇಖನ ಬಂದು ಸರಿಯಾಗಿ ಒಂದು ತಿಂಗಳಿಗೆ, 2013ರ ಜೂನ್ 13ರಂದು, ಅಮೆರಿಕದ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದ ತೀರ್ಪು ಕೊಟ್ಟರು. ಪ್ರಕೃತಿಯಲ್ಲಿ ಇರುವ ಡಿಎನ್‌ಎಗೆ ಪೇಟೆಂಟ್ ಕೊಡುವಂತಿಲ್ಲ ಅಂತ. ಬಾಗಿಲು ತೆರೆಯಿತು. ಬೇರೆ ಲ್ಯಾಬ್‌ಗಳು ಬಂದವು, ಬೆಲೆ ಇಳಿಯಿತು. ಇವತ್ತು ನಮ್ಮ ಬೆಂಗಳೂರಿನಲ್ಲೂ ಈ ಪರೀಕ್ಷೆ ಆಗುತ್ತದೆ.

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಅನ್ನೋ ಗಾದೆ ನಮ್ಮದು. ಅಮ್ಮನಿಗೆ ಬಂದಿದ್ದರೆ ಮಗಳಿಗೆ ಅಂತ ಎಲ್ಲರೂ ತಿಳಿದುಕೊಳ್ಳೋದು ಇದರಿಂದಲೇ. ಇದು ಅರ್ಧ ಸತ್ಯ ಮಾತ್ರ. ಈ ಜೀನ್‌ಗಳು ಇರುವುದು ಗಂಡು ಹೆಣ್ಣು ಇಬ್ಬರಲ್ಲೂ. ದೋಷ ಅಪ್ಪನಿಂದಲೂ ಬರುತ್ತದೆ, ಮಗನಿಗೂ ಹೋಗುತ್ತದೆ. ತಂದೆಗೋ ತಾಯಿಗೋ ದೋಷ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಟಾಸ್ ಹಾಕಿದ ಹಾಗೆ. ಮತ್ತೆ ಪ್ರತಿ ಮಗುವಿಗೂ ಹೊಸ ಟಾಸ್. ಅಕ್ಕನಿಗೆ ಬಂದಿದೆ ಅಂತ ತಂಗಿಗೆ ತಪ್ಪಿತು ಅಂತಿಲ್ಲ. ಅಕ್ಕನಿಗೆ ಇಲ್ಲ ಅಂತ ತಂಗಿಗೂ ಇಲ್ಲ ಅಂತಿಲ್ಲ. ಬಾರದೇ ಇದ್ದವರು ತಮ್ಮ ಮಕ್ಕಳಿಗೆ ಅದನ್ನು ಕೊಡುವುದೂ ಇಲ್ಲ.

ಗಾಯಕಿ ಬಿಯಾನ್ಸೆ ಗೊತ್ತಲ್ಲ? ಅವರ ತಂದೆ ಮ್ಯಾಥ್ಯೂ ನೋಲ್ಸ್ 2019ರಲ್ಲಿ ಟಿವಿಯಲ್ಲಿ ಕೂತು ತನಗೆ ಸ್ತನ ಕ್ಯಾನ್ಸರ್ ಅಂತ ಹೇಳಿದರು. ಗಂಡಸಿಗೆ! ಶರ್ಟ್ ಮೇಲೆ ರಕ್ತದ ಚುಕ್ಕೆ ಕಂಡು ಅವರು ಡಾಕ್ಟರ್ ಹತ್ತಿರ ಹೋಗಿದ್ದರು. ಪರೀಕ್ಷೆ ಮಾಡಿದರೆ ಬಿಆರ್‌ಸಿಎ2 ದೋಷ. ಈ ದೋಷ ಇರುವ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಪಾಯವೂ ಹೆಚ್ಚು, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಪಾಯವೂ ಹೆಚ್ಚು. ತನ್ನ ಮಕ್ಕಳು ಎಚ್ಚರ ಆಗಬೇಕು ಅಂತ ಅವರು ಅದನ್ನು ಮುಚ್ಚಿಡಲಿಲ್ಲ.

ಅಪ್ಪನ ಕಡೆಯ ಲೆಕ್ಕ ತಪ್ಪಿಹೋಗೋದು ಹೇಗೆ ಅಂದರೆ, ಅಜ್ಜಿಗೆ ಇತ್ತು, ಅಜ್ಜಿಗೆ ಇಬ್ಬರೂ ಗಂಡು ಮಕ್ಕಳು. ಗಂಡಸರಾದ್ದರಿಂದ ಇಬ್ಬರಿಗೂ ಏನೂ ಆಗಲಿಲ್ಲ. ಎಲ್ಲರೂ ಮರೆತರು. ಮೂವತ್ತು ವರ್ಷ ಬಿಟ್ಟು ಮೊಮ್ಮಗಳಿಗೆ ಕಾಣಿಸಿಕೊಂಡಾಗ, ನಮ್ಮ ಮನೇಲಿ ಯಾರಿಗೂ ಇರಲಿಲ್ಲವಲ್ಲ ಅಂತಾರೆ. ಇತ್ತು. ಒಂದು ತಲೆಮಾರು ಸದ್ದಿಲ್ಲದೆ ದಾಟಿ ಬಂತು, ಅಷ್ಟೇ.

ನಮ್ಮ ಕರ್ನಾಟಕದ ಮಟ್ಟಿಗೆ ಇನ್ನೊಂದು ಮಾತು. ಸೋದರಮಾವನ ಜತೆ, ಅತ್ತೆ ಮಗನ ಜತೆ ಮದುವೆ ಮಾಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಮೂಲದಿಂದ ಅದೇ ದೋಷ ಬಂದಿದ್ದರೆ ಮಗುವಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬಿಆರ್‌ಸಿಎ2 ಹಾಗೆ ಎರಡೂ ಕೆಟ್ಟು ಹುಟ್ಟಿದ ಮಗುವಿಗೆ ಫ್ಯಾಂಕೋನಿ ಅನೀಮಿಯಾ ಅನ್ನೋ ಗಂಭೀರ ಕಾಯಿಲೆ ಬರಬಹುದು. ಕ್ಯಾನ್ಸರ್ ಇತಿಹಾಸ ಇರುವ ಮನೆತನದೊಳಗೇ ಸಂಬಂಧ ಮಾಡುವ ಮುಂಚೆ ಒಬ್ಬ ತಜ್ಞರ ಜತೆ ಮಾತಾಡೋದು ಒಳ್ಳೆಯದು.

ಆದರೆ ಮಾತಾಡೋದೇ ಕಷ್ಟ, ಅಲ್ವಾ? ನಮ್ಮ ಊರುಗಳಲ್ಲಿ ಕ್ಯಾನ್ಸರ್ ಅನ್ನೋ ಹೆಸರನ್ನೇ ಬಾಯಲ್ಲಿ ಹೇಳಲ್ಲ. 'ದೊಡ್ಡ ಕಾಯಿಲೆ' ಅಂತಾರೆ. 'ಕಿದ್ವಾಯಿಗೆ ಹೋಗಿದ್ದರಂತೆ' ಅಂತ ಪಿಸುಗುಟ್ಟಿದರೆ ಸಾಕು, ಎಲ್ಲರಿಗೂ ಅರ್ಥ ಆಗುತ್ತೆ. ಸತ್ತ ಮೇಲೆ ಕೇಳಿದರೆ 'ಹೊಟ್ಟೆನೋವು ಬಂದು ಹೋದರು', 'ಗಡ್ಡೆ ಆಗಿತ್ತು'. ಯಾಕೆ ಈ ಮುಚ್ಚುಮರೆ? ಮಗಳ ಮದುವೆಗೆ ಅಡ್ಡಿಯಾಗುತ್ತೆ ಅನ್ನೋ ಭಯ. ಸಂಬಂಧ ಮುರಿದುಬೀಳುತ್ತೆ ಅನ್ನೋ ಭಯ. ಆ ಭಯ ಸುಳ್ಳು ಅಂತ ನಾನು ಹೇಳಲ್ಲ. ಜಾತಕ ನೋಡುವವರು ಆಸ್ಪತ್ರೆ ಫೈಲನ್ನೂ ನೋಡ್ತಾರೆ.

ಆದರೆ ಮುಚ್ಚಿಟ್ಟದ್ದರ ಬೆಲೆ ಯಾರು ಕೊಡೋದು? ಅದೇ ಮಗಳು. ಆಕೆಗೆ 35ನೇ ವಯಸ್ಸಿನಲ್ಲಿ ಗಂಟು ಸಿಕ್ಕಾಗ, ನಮ್ಮ ವಯಸ್ಸಿಗೆ ಇದೆಲ್ಲಾ ಬರಲ್ಲ ಅಂತ ಸುಮ್ಮನಾಗುತ್ತಾಳೆ. ಅಜ್ಜಿ, ದೊಡ್ಡಮ್ಮ ಇಬ್ಬರೂ ನಲವತ್ತು ದಾಟುವ ಮೊದಲೇ ಇದರಿಂದಲೇ ಹೋದರು ಅನ್ನೋದು ಗೊತ್ತಿದ್ದರೆ ಸುಮ್ಮನಾಗುತ್ತಿದ್ದಳಾ? ಜೀನ್ ದೋಷಕ್ಕಿಂತ ಮನೆಯ ಮೌನವೇ ಎಷ್ಟೋ ಸಲ ಹೆಚ್ಚು ಅಪಾಯಕಾರಿ.

ಹಾಗಾದರೆ ಎಲ್ಲರೂ ಓಡಿಹೋಗಿ ಟೆಸ್ಟ್ ಮಾಡಿಸಬೇಕಾ? ಬೇಡ. ಎಪ್ಪತ್ತೈದರಲ್ಲಿ ಅಜ್ಜನಿಗೆ ಬೀಡಿ ಸೇದಿ ಶ್ವಾಸಕೋಶದ ಕ್ಯಾನ್ಸರ್ ಬಂತು ಅಂದರೆ ಅದು ಈ ಕಥೆ ಅಲ್ಲ. ಕಿವಿ ನೆಟ್ಟಗಾಗಬೇಕಾದ ಸಂದರ್ಭಗಳು ಬೇರೆ. ಮನೆಯಲ್ಲಿ ಯಾರಿಗಾದರೂ 50 ತುಂಬುವ ಮೊದಲೇ ಸ್ತನ, ದೊಡ್ಡ ಕರುಳು ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿದ್ದರೆ. ಯಾವ ವಯಸ್ಸಿನಲ್ಲೇ ಆಗಲಿ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ. ಗಂಡಸಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ. ಒಬ್ಬರಿಗೇ ಎರಡು ಬೇರೆ ಬೇರೆ ಕ್ಯಾನ್ಸರ್ ಅಥವಾ ಎರಡೂ ಸ್ತನಗಳಲ್ಲಿ ಬಂದಿದ್ದರೆ. ಅಪ್ಪನ ಕಡೆಯೋ ಅಮ್ಮನ ಕಡೆಯೋ, ಒಂದೇ ಕಡೆಯಲ್ಲಿ ಎರಡು ಮೂರು ಜನಕ್ಕೆ ಇಂಥ ಕ್ಯಾನ್ಸರ್ ಆಗಿದ್ದರೆ. ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್ ಅಂತ ಯಾರದ್ದಾದರೂ ರಿಪೋರ್ಟ್‌ನಲ್ಲಿ ಬರೆದಿದ್ದರೂ ಡಾಕ್ಟರನ್ನು ಕೇಳಿ. ಬಿಆರ್‌ಸಿಎ1 ದೋಷ ಇರುವವರಲ್ಲಿ ಈ ಬಗೆ ಹೆಚ್ಚು.

ಪರೀಕ್ಷೆ ಅಂದರೆ ಒಂದಿಷ್ಟು ರಕ್ತ ಅಥವಾ ಎಂಜಲು. ಸಾಧ್ಯವಾದರೆ ಮೊದಲು ಮಾಡಬೇಕಾದದ್ದು ಕ್ಯಾನ್ಸರ್ ಬಂದಿರುವವರಿಗೆ. ಅವರಲ್ಲಿ ದೋಷ ಯಾವುದು ಅಂತ ಗೊತ್ತಾದರೆ ಉಳಿದವರಲ್ಲಿ ಅದೊಂದನ್ನೇ ಹುಡುಕಬಹುದು. ಪರೀಕ್ಷೆಗೆ ಮುಂಚೆ, ನಂತರ ಜೆನೆಟಿಕ್ ಕೌನ್ಸೆಲರ್ ಜತೆ ಕೂತು ಮಾತಾಡಲೇಬೇಕು. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಇದಕ್ಕೇ ಪ್ರತ್ಯೇಕ ಕ್ಲಿನಿಕ್ ಇದೆ. ನಿಮಗೆ ಚಿಕಿತ್ಸೆ ಕೊಡುವ ಕ್ಯಾನ್ಸರ್ ತಜ್ಞರನ್ನೇ ಕೇಳಿ, ದಾರಿ ತೋರಿಸುತ್ತಾರೆ.

ಯಾಕೆ ಕೌನ್ಸೆಲರ್ ಬೇಕು ಗೊತ್ತಾ? ರಿಪೋರ್ಟ್ ಬರೀ ಹೌದು, ಇಲ್ಲ ಅಂತ ಬರಲ್ಲ. ಮೂರು ಥರ ಬರುತ್ತೆ. ದೋಷ ಇದೆ. ದೋಷ ಇಲ್ಲ. ಇನ್ನು ಮೂರನೆಯದು, ಏನೋ ವ್ಯತ್ಯಾಸ ಇದೆ, ಅದು ಅಪಾಯವೋ ಅಲ್ಲವೋ ವಿಜ್ಞಾನಕ್ಕೆ ಇನ್ನೂ ಗೊತ್ತಿಲ್ಲ. ಈ ಮೂರನೆಯದನ್ನು ನೋಡಿ ಗಾಬರಿಬಿದ್ದು ಆಪರೇಷನ್‌ಗೆ ಹೋಗಬಾರದು. ಇನ್ನು 'ದೋಷ ಇಲ್ಲ' ಅಂತ ಬಂದರೂ ಕ್ಯಾನ್ಸರ್ ಬರೋದೇ ಇಲ್ಲ ಅಂತಲ್ಲ. ಎಲ್ಲರಿಗೂ ಇರುವ ಅಪಾಯ ನಿಮಗೂ ಇದ್ದೇ ಇರುತ್ತೆ.

ದೋಷ ಇದೆ ಅಂತ ಬಂತು ಅಂದುಕೊಳ್ಳಿ. ಜೋಲಿ ದಾರಿ ಒಂದೇ ದಾರಿ ಅಲ್ಲ. ಇಪ್ಪತ್ತೈದು ಮೂವತ್ತರಿಂದಲೇ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ, ಆಮೇಲೆ ಜತೆಗೆ ಮ್ಯಾಮೋಗ್ರಾಂ ಮಾಡಿಸುತ್ತಾ ಹೋಗಬಹುದು. ಬಂದರೂ ಸಣ್ಣದಿರುವಾಗಲೇ ಸಿಗುತ್ತದೆ. ಅಪಾಯ ತಗ್ಗಿಸುವ ಮಾತ್ರೆಗಳಿವೆ. ಆಪರೇಷನ್ ಬೇಕು ಅಂದರೆ ಅದೂ ಇದೆ. ಜೋಲಿಯ ಅಪಾಯ ಶೇ. 87ರಿಂದ ಶೇ. 5ಕ್ಕಿಂತ ಕೆಳಗೆ ಇಳಿದದ್ದು ಅದರಿಂದಲೇ. ಅಂಡಾಶಯದ ವಿಷಯ ಸ್ವಲ್ಪ ಬೇರೆ. ಅದನ್ನು ಬೇಗ ಪತ್ತೆ ಮಾಡುವ ನಂಬಿಕಸ್ಥ ಪರೀಕ್ಷೆ ಇಲ್ಲ. ಹಾಗಾಗಿ ಬಿಆರ್‌ಸಿಎ1 ಇರುವವರಿಗೆ ಮಕ್ಕಳಾದ ಮೇಲೆ 35ರಿಂದ 40ರೊಳಗೆ, ಬಿಆರ್‌ಸಿಎ2 ಇರುವವರಿಗೆ 40ರಿಂದ 45ರೊಳಗೆ ಅಂಡಾಶಯ, ಅಂಡನಾಳ ತೆಗೆಸುವ ಸಲಹೆ ಕೊಡುತ್ತಾರೆ. ಜೋಲಿ 2015ರಲ್ಲಿ ಅದನ್ನೂ ಮಾಡಿಸಿಕೊಂಡರು. ಇದರಿಂದ ಮುಟ್ಟು ಬೇಗ ನಿಲ್ಲುತ್ತದೆ, ಮೂಳೆ ಸವೆತದಂಥ ತೊಂದರೆಗಳೂ ಇವೆ. ಲಿಂಚ್ ಸಿಂಡ್ರೋಮ್ ಇರುವವರಿಗೆ ಇಪ್ಪತ್ತರ ಹರೆಯದಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿದರೆ, ಗಂಟು ಕ್ಯಾನ್ಸರ್ ಆಗುವ ಮೊದಲೇ ಕಿತ್ತುಹಾಕಬಹುದು.

ಕ್ಯಾನ್ಸರ್ ಬಂದೇಬಿಟ್ಟವರಿಗೂ ಈ ಪರೀಕ್ಷೆ ಕೆಲಸಕ್ಕೆ ಬರುತ್ತೆ. ಲೈನ್‌ಮನ್ ಕಥೆ ನೆನಪಿದೆಯಲ್ಲ? ಇಬ್ಬರು ಲೈನ್‌ಮನ್‌ಗಳೂ ಇಲ್ಲದ ಕ್ಯಾನ್ಸರ್ ಜೀವಕೋಶ ಪಾರ್ಪ್ ಅನ್ನೋ ಇನ್ನೊಬ್ಬ ರಿಪೇರಿಯವನನ್ನು ನಂಬಿ ಬದುಕಿರುತ್ತೆ. ಅವನನ್ನೂ ಕಟ್ಟಿಹಾಕುವ ಔಷಧಿ ಬಂದಿದೆ. 2014ರಲ್ಲಿ ಅಮೆರಿಕ ಒಲಾಪರಿಬ್ ಅನ್ನೋ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಕ್ಯಾನ್ಸರ್ ಹುಟ್ಟೋಕೆ ಕಾರಣವಾದ ಅದೇ ದೋಷ ಅದನ್ನು ಕೊಲ್ಲುವುದಕ್ಕೂ ದಾರಿಯಾಯಿತು.

ಒಂದು ಎಚ್ಚರಿಕೆ. ಜೀನ್ ರಿಪೋರ್ಟ್ ಆಧಾರದ ಮೇಲೆ ಆರೋಗ್ಯ ವಿಮೆ ನಿರಾಕರಿಸಬಾರದು, ಕೆಲಸದಿಂದ ತೆಗೆಯಬಾರದು ಅಂತ ಅಮೆರಿಕ 2008ರಲ್ಲೇ ಕಾನೂನು ಮಾಡಿತು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ. ಮನೆಯವರ ಹತ್ತಿರ ಮುಚ್ಚಿಡಬೇಡಿ ಅಂತ ಜನರಿಗೆ ಹೇಳೋದು ಸುಲಭ. ಹೇಳಿದವರಿಗೆ ರಕ್ಷಣೆ ಕೊಡೋದು ಸರ್ಕಾರದ ಕೆಲಸ. ಜನಪ್ರತಿನಿಧಿಗಳು ಈ ಕಡೆಗೂ ಸ್ವಲ್ಪ ನೋಡಬೇಕು.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿ ಆಗುವ ಒಂದು ಕೆಲಸ ಇದೆ. ಖರ್ಚಿಲ್ಲ. ಒಂದು ಹಾಳೆ ತೆಗೆದುಕೊಳ್ಳಿ. ಅಜ್ಜ ಅಜ್ಜಿ, ಅವರ ಮಕ್ಕಳು, ಮೊಮ್ಮಕ್ಕಳು, ಅಪ್ಪನ ಕಡೆ ಒಂದು ಬದಿ, ಅಮ್ಮನ ಕಡೆ ಇನ್ನೊಂದು ಬದಿ ಬರೆಯಿರಿ. ಯಾರಿಗೆ ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿನಲ್ಲಿ ಅಂತ ಗುರುತು ಹಾಕಿ. 'ಹೊಟ್ಟೆನೋವು' ಅಂದರೆ ಏನು, 'ಗಡ್ಡೆ' ಅಂದರೆ ಎಲ್ಲಿಯ ಗಡ್ಡೆ ಅಂತ ಹಿರಿಯರನ್ನು ಕೇಳಿ. ಆ ಹಿರಿಯರು ಇರುವಾಗಲೇ ಕೇಳಿ, ಅವರ ಜತೆ ಆ ನೆನಪೂ ಹೋಗಿಬಿಡುತ್ತೆ. ಹಾಳೆ ಖಾಲಿ ಇದ್ದರೆ ಸಂತೋಷ, ಮಡಚಿಡಿ. ಒಂದೇ ಬದಿಯಲ್ಲಿ ಎರಡು ಮೂರು ಗುರುತು ಬಿದ್ದರೆ ಆ ಹಾಳೆ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗಿ. ಮಗಳನ್ನೂ ಕರೆದುಕೊಂಡು ಹೋಗಿ. ಮಗನನ್ನೂ.